ಮ್ಯಾರಥಾನ್: ಹೆಸರು ಮತ್ತು ಅಳತೆ

ಓಟದ ಕಾರ್ಯಕ್ರಮಗಳಿಗೆ ಇಂದು ಯಾವ ಊರಿನಲ್ಲಿಯೂ ಕೊರತೆಯಿಲ್ಲ. ರಾಷ್ಟ್ರೀಯ ಹಬ್ಬದ ಮುಂಜಾನೆ, ರಕ್ತದಾನದ ಪ್ರಚಾರ, ಮತದಾನದ ಜಾಗೃತಿ, ಸಂಸ್ಥೆಯೊಂದರ ಬೆಳ್ಳಿಹಬ್ಬ, ಹೀಗೆ ಯಾವ ನಿಮಿತ್ತವೇ ಇರಲಿ, ಬಸ್ ನಿಲ್ದಾಣದಿಂದ ಕ್ರೀಡಾಂಗಣದವರೆಗೆ ನೂರಾರು ಮಂದಿ ತರುಣರು ಓಡುತ್ತಾರೆ. ಅವರ ಮುಂದೆ ಬಟ್ಟೆಯ ಫಲಕವೊಂದಿರುತ್ತದೆ. ಓಟದ ದೂರ ಮೂರು ಕಿಲೋಮೀಟರ್ ಇರಬಹುದು, ಐದಿರಬಹುದು, ಹತ್ತಿರಬಹುದು. ಫಲಕದ ಮೇಲಿನ ಪದ ಮಾತ್ರ ಬಹುತೇಕ ಒಂದೇ: ಮ್ಯಾರಥಾನ್. ಕೆಲವರು ಸಂಕೋಚದಿಂದ ಅದರ ಹಿಂದೆ 'ಮಿನಿ' ಎಂದು ಸೇರಿಸುತ್ತಾರೆ. ಹಲವರಿಗೆ ಆ ಸಂಕೋಚವೂ ಇಲ್ಲ.

ಇಷ್ಟು ಅಲ್ಪ ವಿಷಯಕ್ಕೆ ಚರ್ಚೆ ಏತಕ್ಕೆ ಎಂದು ಅನ್ನಿಸುವುದು ಸಹಜ. ಆದರೆ ಕಾಲ ಮತ್ತು ದೂರಗಳನ್ನೇ ಆಧರಿಸಿ ನಿಂತ ಕ್ರೀಡೆಯಲ್ಲಿ ಹೆಸರೆಂಬುದು ಅಳತೆಯೂ ಆಗಿರುತ್ತದೆ. ನೂರು ಮೀಟರ್ ಓಟವೆಂದು ಹೇಳಿ ಎಂಬತ್ತು ಮೀಟರ್ ಓಡಿಸಿದರೆ ಯಾವ ದೈಹಿಕ ಶಿಕ್ಷಕರೂ ಒಪ್ಪುವುದಿಲ್ಲ. ಸಂತೆಯಲ್ಲಿ ಅಂಗಡಿಗೊಂದು ಸೇರಿನ ಅಳತೆ ಇದ್ದರೆ ನಷ್ಟ ಕೊಳ್ಳುವವನಿಗಷ್ಟೇ ಅಲ್ಲ, ಸರಿಯಾಗಿ ಅಳೆದುಕೊಡುವ ವ್ಯಾಪಾರಿಗೂ ಹೌದು. ಮೂರು ಕಿಲೋಮೀಟರ್ ಓಡಿದ ಬಾಲಕನ ಪ್ರಶಸ್ತಿಪತ್ರದಲ್ಲಿಯೂ, ವರ್ಷವಿಡೀ ದೇಹವನ್ನು ದಂಡಿಸಿ ನಲವತ್ತೆರಡು ಕಿಲೋಮೀಟರ್ ಪೂರೈಸಿದವನ ಪ್ರಶಸ್ತಿಪತ್ರದಲ್ಲಿಯೂ ಒಂದೇ ಪದವನ್ನು ಮುದ್ರಿಸಿದರೆ, ಎರಡನೆಯವನು ಗಳಿಸಿದ್ದನ್ನು ಅವನ ಅರಿವಿಗೆ ಬಾರದಂತೆ ಕಸಿದುಕೊಂಡಂತಾಗುತ್ತದೆ. ಆದುದರಿಂದ ಈ ಪದದ ಮೂಲವನ್ನೂ, ಇಂದು ಅದಕ್ಕಿರುವ ನಿಶ್ಚಿತಾರ್ಥವನ್ನೂ ತಿಳಿಯುವುದು ಉಚಿತ.

ಮ್ಯಾರಥಾನ್ ಎಂಬುದು ಮೂಲತಃ ಓಟದ ಹೆಸರಲ್ಲ, ಊರಿನ ಹೆಸರು. ಗ್ರೀಸ್ ದೇಶದಲ್ಲಿ ಅಥೆನ್ಸಿನ ಈಶಾನ್ಯಕ್ಕೆ ಸಮುದ್ರದ ಅಂಚಿನಲ್ಲಿರುವ ಬಯಲು ಪ್ರದೇಶವದು. ಗ್ರೀಕ್ ಭಾಷೆಯಲ್ಲಿ ಬಡೆಸೋಪಿನ ಗಿಡಕ್ಕಿರುವ ಹೆಸರಿನಿಂದ ಸ್ಥಳಕ್ಕೆ ಆ ಹೆಸರು ಬಂದಿತೆನ್ನುತ್ತಾರೆ. ಈ ಪದದ ಬಾಲವನ್ನು ಕತ್ತರಿಸಿ 'ವಾಕಥಾನ್', 'ಸೈಕ್ಲೋಥಾನ್' ಎಂದು ಹೊಸ ಪದಗಳನ್ನು ಕಟ್ಟುವವರು ಗಮನಿಸಬೇಕಾದುದೆಂದರೆ, ಆ 'ಥಾನ್' ಎಂಬ ತುಂಡಿಗೆ ಓಟವೆಂದಾಗಲೀ ದೂರವೆಂದಾಗಲೀ ಯಾವ ಅರ್ಥವೂ ಇಲ್ಲ.

ಕ್ರಿಸ್ತಪೂರ್ವ ೪೯೦ರಲ್ಲಿ ಈ ಬಯಲಿನಲ್ಲಿ ಅಥೆನ್ಸಿನವರು ಪರ್ಷಿಯದ ಸೈನ್ಯವನ್ನು ಸೋಲಿಸಿದರು. ವಿಜಯದ ವಾರ್ತೆಯನ್ನು ಹೊತ್ತು ಫಿಡಿಪ್ಪಿಡೀಸ್ ಎಂಬ ದೂತನು ಅಥೆನ್ಸಿಗೆ ಓಡಿಬಂದು, ಗೆದ್ದೆವೆಂದು ಹೇಳಿ ಕುಸಿದು ಪ್ರಾಣಬಿಟ್ಟನೆಂಬ ಕಥೆ ಶಾಲಾ ಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತ. ಆದರೆ ಆ ಯುದ್ಧಕ್ಕೆ ಕಾಲದಲ್ಲಿ ಹೆಚ್ಚು ಸಮೀಪನಾದ ಇತಿಹಾಸಕಾರ ಹೆರೊಡೋಟಸನು ಈ ಕಥೆಯನ್ನು ಹೇಳುವುದೇ ಇಲ್ಲ. ಅವನು ಹೇಳುವುದು ಬೇರೊಂದು ಓಟವನ್ನು: ಯುದ್ಧಕ್ಕೆ ಮೊದಲು ಸಹಾಯ ಯಾಚಿಸಲು ದೂತನೊಬ್ಬನು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿ ಮರುದಿನವೇ ಅಲ್ಲಿಗೆ ತಲಪಿದನಂತೆ. ಆ ದೂರ ಸುಮಾರು ೨೪೦ ಕಿಲೋಮೀಟರ್. ಮ್ಯಾರಥಾನಿನಿಂದ ಅಥೆನ್ಸಿಗೆ ಓಡಿ ಮಡಿದ ದೂತನ ಕಥೆ ಕಾಣಿಸಿಕೊಳ್ಳುವುದು ಯುದ್ಧ ಕಳೆದು ಐದಾರು ಶತಮಾನಗಳಾದ ಮೇಲೆ. ಪ್ಲೂಟಾರ್ಕನು ಅದನ್ನು ಹೇಳುವಾಗ ದೂತನಿಗೆ ಬೇರೆ ಹೆಸರುಗಳನ್ನೇ ಕೊಡುತ್ತಾನೆ. ಎರಡನೆಯ ಶತಮಾನದ ಲೂಷಿಯನ್ ಎಂಬ ಲೇಖಕನಲ್ಲಿ ಎರಡು ಓಟಗಳ ಕಥೆಗಳೂ ಒಬ್ಬನೇ ದೂತನ ಮೇಲೆ ಬಂದು ಕೂಡುತ್ತವೆ. ಆಂಗ್ಲ ಕವಿ ರಾಬರ್ಟ್ ಬ್ರೌನಿಂಗನು ೧೮೭೯ರಲ್ಲಿ ಇದನ್ನು ಕವಿತೆಯಾಗಿಸಿದನು. ಹೀಗೆ ಇಂದಿನ ಓಟಕ್ಕೆ ಆಧಾರವೆನ್ನಲಾಗುವ ಘಟನೆಗೆ ಇತಿಹಾಸದ ಬಲ ಕಡಿಮೆ, ದಂತಕಥೆಯ ಬಲ ಹೆಚ್ಚು.

ದಂತಕಥೆಯನ್ನು ಕ್ರೀಡೆಯನ್ನಾಗಿ ಮಾಡಿದವನು ಮಿಷೆಲ್ ಬ್ರೇಯಾಲ್ ಎಂಬ ಫ್ರೆಂಚ್ ಭಾಷಾವಿಜ್ಞಾನಿ. ೧೮೯೬ರಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಅಥೆನ್ಸಿನಲ್ಲಿ ಆರಂಭವಾಗಲಿದ್ದಾಗ, ಮ್ಯಾರಥಾನ್ ಊರಿನಿಂದ ಅಥೆನ್ಸಿನ ಕ್ರೀಡಾಂಗಣದವರೆಗೆ ಓಟವೊಂದನ್ನು ಏರ್ಪಡಿಸಬೇಕೆಂದು ಸೂಚಿಸಿ, ಗೆದ್ದವನಿಗೆ ಬೆಳ್ಳಿಯ ಬಟ್ಟಲನ್ನೂ ಆತನೇ ನೀಡಿದನು. ದೂರ ಸುಮಾರು ೪೦ ಕಿಲೋಮೀಟರ್. ನೀರು ಹೊತ್ತು ಮಾರಿ ಜೀವಿಸುತ್ತಿದ್ದ ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕ್ ಹಳ್ಳಿಗನು ೨ ಗಂಟೆ ೫೮ ನಿಮಿಷ ೫೦ ಸೆಕೆಂಡುಗಳಲ್ಲಿ ಅದನ್ನು ಗೆದ್ದನು. ಮರುವರ್ಷ ಅಮೆರಿಕದ ಬಾಸ್ಟನ್ ನಗರದಲ್ಲಿ ಇದೇ ಹೆಸರಿನ ಓಟ ಆರಂಭವಾಯಿತು; ಅಲ್ಲಿಯ ದೂರ ಮೂವತ್ತೊಂಬತ್ತೂವರೆ ಕಿಲೋಮೀಟರಿನಷ್ಟು. ಅಂದರೆ ಮೊದಲ ವರ್ಷಗಳಲ್ಲಿ ಮ್ಯಾರಥಾನ್ ಎಂದರೆ ಸುಮಾರು ನಲವತ್ತು ಕಿಲೋಮೀಟರಿನ ಒಂದು ದೀರ್ಘ ರಸ್ತೆ ಓಟ, ಅಷ್ಟೇ. ಊರಿಂದೂರಿಗೆ ದೂರ ಬೇರೆಯಾಗುತ್ತಿತ್ತು. ಯಾರೂ ಅದನ್ನು ದೋಷವೆಂದು ಎಣಿಸಿರಲಿಲ್ಲ.

ಇಂದಿನ ಅಳತೆ ಬಂದದ್ದು ೧೯೦೮ರ ಲಂಡನ್ ಒಲಿಂಪಿಕ್ಕಿನಿಂದ. ಅದರ ಹಿಂದೆ ವಿಜ್ಞಾನವೂ ಇಲ್ಲ, ಗ್ರೀಸಿನ ಭೂಗೋಳವೂ ಇಲ್ಲ. ಓಟ ರಾಜಮನೆತನದವರು ವಾಸಿಸುವ ವಿಂಡ್ಸರ್ ಕೋಟೆಯ ಹುಲ್ಲುಹಾಸಿನಿಂದ ಹೊರಡಬೇಕು, ಕ್ರೀಡಾಂಗಣದಲ್ಲಿ ರಾಜಪರಿವಾರ ಕುಳಿತ ಕಟ್ಟೆಯ ಮುಂದೆ ಮುಗಿಯಬೇಕು ಎಂದು ನಿರ್ಧಾರವಾಯಿತು. ಕೋಟೆಯಿಂದ ಕ್ರೀಡಾಂಗಣದವರೆಗೆ ೨೬ ಮೈಲಿ. ಒಳಗೆ ರಾಜರ ಕಟ್ಟೆಯವರೆಗೆ ೩೮೫ ಗಜ. ಇವೆರಡೂ ಸೇರಿ ೪೨.೧೯೫ ಕಿಲೋಮೀಟರ್ ಆಯಿತು.

ಕೊನೆಯ ಆ ಮುನ್ನೂರೆಂಬತ್ತೈದು ಗಜಗಳು ಒಬ್ಬ ಮನುಷ್ಯನಿಗೆ ಎಷ್ಟು ದುಬಾರಿಯಾದವೆಂಬುದು ಕ್ರೀಡಾ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣವನ್ನು ಪ್ರವೇಶಿಸಿದನು. ಆ ವೇಳೆಗೆ ಅವನ ಪ್ರಜ್ಞೆ ಮಸುಕಾಗಿತ್ತು. ತಪ್ಪು ದಿಕ್ಕಿಗೆ ತಿರುಗಿದನು, ಬಿದ್ದನು, ಎದ್ದನು, ಮತ್ತೆ ಮತ್ತೆ ಬಿದ್ದನು. ನೋಡಲಾರದೆ ಅಧಿಕಾರಿಗಳು ಅವನನ್ನು ಎತ್ತಿ ನಿಲ್ಲಿಸಿ ಗುರಿಯನ್ನು ದಾಟಿಸಿದರು. ಹಿಂದಿನಿಂದ ಬಂದ ಅಮೆರಿಕದ ಜಾನಿ ಹೇಯ್ಸ್‌ನ ಪಕ್ಷದವರು ಆಕ್ಷೇಪಿಸಿದಾಗ, ಪರರ ಸಹಾಯ ಪಡೆದ ಕಾರಣಕ್ಕೆ ಡೊರಾಂಡೊನನ್ನು ಅನರ್ಹಗೊಳಿಸಿ ಹೇಯ್ಸ್‌ಗೆ ಜಯವನ್ನು ಕೊಡಲಾಯಿತು. ರಾಣಿ ಅಲೆಕ್ಸಾಂಡ್ರಾ ಮರುದಿನ ಡೊರಾಂಡೊಗೆ ಚಿನ್ನದ ಲೇಪದ ಬೆಳ್ಳಿಯ ಬಟ್ಟಲನ್ನು ಕೊಟ್ಟು ಸಮಾಧಾನಪಡಿಸಿದಳು. ಇಪ್ಪತ್ತಾರು ಮೈಲಿಗೇ ಓಟ ಮುಗಿದಿದ್ದರೆ ಜಯ ಅವನದೇ. ನಿಯಮ ಕಠಿಣವೆನ್ನಿಸಿದರೂ ತೀರ್ಪು ನ್ಯಾಯವಾದದ್ದೇ. ಗುರಿಗೆ ಒಂದು ಗಜ ಇರುವಾಗ ನಿಂತವನೂ ಗುರಿಯನ್ನು ಮುಟ್ಟಿದವನಲ್ಲ.

ಆದರೂ ಅಳತೆ ಕೂಡಲೇ ಸ್ಥಿರವಾಗಲಿಲ್ಲ. ೧೯೧೨ರ ಸ್ಟಾಕ್‌ಹೋಮ್‌ನಲ್ಲಿ ದೂರ ೪೦.೨ ಕಿಲೋಮೀಟರಿಗೆ ಇಳಿಯಿತು. ೧೯೨೦ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದಲ್ಲಿ ೪೨.೭೫ ಕಿಲೋಮೀಟರಿಗೆ ಏರಿತು. ಒಲಿಂಪಿಕ್ ಚರಿತ್ರೆಯಲ್ಲಿ ಅದಕ್ಕಿಂತ ಉದ್ದವಾದ ಮ್ಯಾರಥಾನ್ ಮತ್ತೊಂದಿಲ್ಲ. ಕನ್ನಡ ನಾಡಿಗೆ ಈ ಓಟದೊಡನೆ ಒಂದು ಸಂಬಂಧವಿದೆ. ಸರ್ ದೋರಾಬ್ಜಿ ತಾತಾ ಅವರ ಆಸಕ್ತಿ ಮತ್ತು ಧನಸಹಾಯಗಳಿಂದ ಆ ವರ್ಷ ಭಾರತದ ಚಿಕ್ಕದೊಂದು ತಂಡ ಆಂಟ್‌ವರ್ಪ್‌ಗೆ ತೆರಳಿತು. ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಎಂಬ ಓಟಗಾರರಿದ್ದರು. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಗೆದ್ದ ಆ ಸ್ಪರ್ಧೆಯಲ್ಲಿ ಚೌಗುಲೆಯವರು ಸುಮಾರು ೨ ಗಂಟೆ ೫೦ ನಿಮಿಷಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಇಂದಿನ ಅಳತೆಗಿಂತ ಅವರು ೫೫೫ ಮೀಟರ್ ಹೆಚ್ಚಾಗಿ ಓಡಿದ್ದರು. ಅವರ ವೇಗದಲ್ಲಿ ಅದು ಎರಡು ನಿಮಿಷಕ್ಕೂ ಮಿಕ್ಕ ಓಟ. ಅವರ ಕಾಲವನ್ನು ಇಂದಿನವರ ಕಾಲದೊಡನೆ ಹೋಲಿಸುವವರು ಈ ವ್ಯತ್ಯಾಸವನ್ನು ಕಳೆದು ನೋಡಬೇಕು. ಅಳತೆ ಒಂದೇ ಆಗಿರದಿದ್ದರೆ ಹೋಲಿಕೆ ಹೇಗೆ ಕೆಡುತ್ತದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಮರುವರ್ಷ, ಎಂದರೆ ೧೯೨೧ರಲ್ಲಿ, ಅಂತಾರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟವು ಲಂಡನ್ನಿನ ೪೨.೧೯೫ ಕಿಲೋಮೀಟರನ್ನೇ ಮ್ಯಾರಥಾನಿನ ಅಧಿಕೃತ ದೂರವೆಂದು ಗೊತ್ತುಪಡಿಸಿತು. ೧೯೨೪ರ ಪ್ಯಾರಿಸ್ ಒಲಿಂಪಿಕ್ಕಿನಿಂದ ಅದು ಬದಲಾಗಿಲ್ಲ. ರಾಜಪರಿವಾರದ ಅನುಕೂಲದಿಂದ ಹುಟ್ಟಿದ ಅಂಕಿಯಾದರೂ, ಒಮ್ಮೆ ಎಲ್ಲರೂ ಒಪ್ಪಿದ ಮೇಲೆ ಅದಕ್ಕೆ ಗೌರವ ಬಂದಿತು. ಮೀಟರು, ಸೇರು, ಗಜ ಯಾವುದೂ ಆಕಾಶದಿಂದ ಇಳಿದದ್ದಲ್ಲ. ಒಪ್ಪಂದದಿಂದಲೇ ಅಳತೆ ಅಳತೆಯಾಗುವುದು.

ಹೀಗಾಗಿ ಇಂದು ಮ್ಯಾರಥಾನ್ ಎಂದರೆ ೪೨.೧೯೫ ಕಿಲೋಮೀಟರಿನ ಓಟ. 'ಪೂರ್ಣ ಮ್ಯಾರಥಾನ್' ಎಂಬ ಮಾತು ರೂಢಿಗೆ ಬಂದಿದ್ದರೂ ಅದು ಪುನರುಕ್ತಿ. ಪೂರ್ಣವಲ್ಲದ ಮ್ಯಾರಥಾನ್ ಇಲ್ಲವೇ ಇಲ್ಲ. ಅದರ ಸರಿಯರ್ಧವಾದ ೨೧.೦೯೭೫ ಕಿಲೋಮೀಟರಿನ ಓಟಕ್ಕೆ ಅರ್ಧ ಮ್ಯಾರಥಾನ್ ಎಂಬ ಹೆಸರು ಅಂತಾರಾಷ್ಟ್ರೀಯವಾಗಿ ಸಮ್ಮತ. ಅದು ಸ್ವತಂತ್ರ ಸ್ಪರ್ಧೆ, ಅದಕ್ಕೆ ಅದರದೇ ದಾಖಲೆಗಳಿವೆ. ಹೆಸರಿನಲ್ಲಿಯೇ ತನ್ನ ಪ್ರಮಾಣವನ್ನು ಹೇಳಿಕೊಳ್ಳುವುದರಿಂದ ಅದು ಯಾರನ್ನೂ ವಂಚಿಸುವುದಿಲ್ಲ.

'ಮಿನಿ ಮ್ಯಾರಥಾನ್' ಎಂಬ ಪದದ ಕಥೆ ಮಾತ್ರ ವಿಚಿತ್ರವಾದದ್ದು. ಹೆಂಗಸರ ದೇಹಕ್ಕೆ ದೀರ್ಘ ಓಟ ಒಗ್ಗದೆಂಬ ಭ್ರಮೆ ಪಾಶ್ಚಾತ್ಯ ದೇಶಗಳಲ್ಲಿಯೂ ಬಹುಕಾಲ ಬೇರೂರಿತ್ತು. ೧೯೮೦ರವರೆಗೂ ಒಲಿಂಪಿಕ್ಕಿನಲ್ಲಿ ಸ್ತ್ರೀಯರ ಅತಿ ದೀರ್ಘ ಓಟ ೧೫೦೦ ಮೀಟರ್ ಮಾತ್ರ. ೧೯೭೨ರಲ್ಲಿ ನ್ಯೂಯಾರ್ಕಿನ ಉದ್ಯಾನದಲ್ಲಿ ಸ್ತ್ರೀಯರಿಗಾಗಿಯೇ ಆರು ಮೈಲಿಯ ಓಟವೊಂದು ನಡೆಯಿತು. ಅದನ್ನು 'ಮಿನಿ ಮ್ಯಾರಥಾನ್' ಎಂದು ಕರೆದರು. ಆ 'ಮಿನಿ' ಚಿಕ್ಕ ಓಟವೆಂಬ ಅರ್ಥದಿಂದ ಬಂದದ್ದಲ್ಲ, ಆಗ ಫ್ಯಾಷನ್ನಾಗಿದ್ದ ಮಿನಿಸ್ಕರ್ಟ್ ಎಂಬ ಉಡುಪಿನಿಂದ ಬಂದದ್ದು! ಆ ಓಟವೇ ಮುಂದೆ ಹತ್ತು ಕಿಲೋಮೀಟರಿಗೆ ನಿಂತು, ಮ್ಯಾರಥಾನ್ ಎಂಬ ಪದವನ್ನು ಕೈಬಿಟ್ಟು, ದೂರವನ್ನೇ ಹೆಸರಾಗಿ ಇಟ್ಟುಕೊಂಡಿತು. ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಕಿನಲ್ಲಿ ಸ್ತ್ರೀಯರಿಗೂ ೪೨.೧೯೫ ಕಿಲೋಮೀಟರಿನ ಓಟ ದೊರೆಯಿತು. ಅಮೆರಿಕದ ಜೋನ್ ಬೆನ್ವಾ ೨ ಗಂಟೆ ೨೪ ನಿಮಿಷ ೫೨ ಸೆಕೆಂಡುಗಳಲ್ಲಿ ಗೆದ್ದರು. ಅವರ ಹಿಂದಿನ ತಲೆಮಾರಿನ ಹೆಂಗಸರು ಹೋರಾಡಿದ್ದು ಮಿನಿ ದೂರಕ್ಕಲ್ಲ, ಪುರುಷರು ಓಡುವ ಅದೇ ದೂರಕ್ಕಾಗಿ.

ದಕ್ಷಿಣ ಆಫ್ರಿಕದಲ್ಲಿ ಹೆಸರಿನ ತೊಡಕು ಇನ್ನೊಂದು ದಿಕ್ಕಿನದು. ೧೯೨೧ರಲ್ಲಿ ಆರಂಭವಾದ, ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಗರಗಳ ನಡುವಣ 'ಕಾಮ್ರೇಡ್ಸ್ ಮ್ಯಾರಥಾನ್' ಸುಮಾರು ೯೦ ಕಿಲೋಮೀಟರಿನದು. ಕೇಪ್‌ಟೌನಿನ 'ಟೂ ಓಷನ್ಸ್ ಮ್ಯಾರಥಾನ್' ೫೬ ಕಿಲೋಮೀಟರ್. ಇವನ್ನು ಮ್ಯಾರಥಾನ್ ಎನ್ನುವುದೂ ಶಾಸ್ತ್ರಕ್ಕೆ ಸರಿಹೊಂದದು, ೪೨.೧೯೫ ಕಿಲೋಮೀಟರನ್ನು ಮೀರಿದ ಓಟಗಳಿಗೆ ಅಲ್ಟ್ರಾ ಮ್ಯಾರಥಾನ್ ಎಂಬ ಬೇರೆ ವರ್ಗವಿದೆ. ಆದರೆ ಇಲ್ಲಿ ದೋಷ ಕ್ಷಮ್ಯ. ಹೆಸರು ಕೊಟ್ಟ ಮಾತಿಗಿಂತ ಓಟಗಾರ ಹೆಚ್ಚು ಸಲ್ಲಿಸುತ್ತಾನೆಯೇ ಹೊರತು ಕಡಿಮೆಯಲ್ಲ.

ಹತ್ತು ಕಿಲೋಮೀಟರಿಗೂ ನಲವತ್ತೆರಡಕ್ಕೂ ಇರುವ ಭೇದ ಕೇವಲ ನಾಲ್ಕರಷ್ಟು ಎಂದು ತಿಳಿಯುವುದು ಸರಿಯಲ್ಲ. ಓಡುವ ದೇಹಕ್ಕೆ ಮುಖ್ಯ ಇಂಧನ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಪಿಷ್ಟ. ಸಾಧಾರಣ ಓಟಗಾರನಲ್ಲಿ ಆ ಸಂಗ್ರಹ ಸುಮಾರು ಮೂವತ್ತು ಕಿಲೋಮೀಟರಿನ ಆಸುಪಾಸಿನವರೆಗೆ ಸಾಕಾಗುತ್ತದೆ. ಅನಂತರ ದೇಹ ಕೊಬ್ಬನ್ನೇ ಹೆಚ್ಚಾಗಿ ಅವಲಂಬಿಸಬೇಕು. ಕೊಬ್ಬಿನಿಂದ ಶಕ್ತಿ ನಿಧಾನವಾಗಿ ಬರುತ್ತದೆ. ಅಲ್ಲಿಯವರೆಗೆ ಲೀಲೆಯಿಂದ ಓಡಿದವನ ಕಾಲುಗಳು ಇದ್ದಕ್ಕಿದ್ದಂತೆ ಕಲ್ಲಾಗುತ್ತವೆ, ಮನಸ್ಸು ಮಂಕಾಗುತ್ತದೆ. ಹತ್ತು ಕಿಲೋಮೀಟರಿನಲ್ಲಿ ಈ ಘಟ್ಟ ಬರುವುದೇ ಇಲ್ಲ. ತಿಂಗಳುಗಟ್ಟಲೆ ದೂರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಹೋಗುವ ಅಭ್ಯಾಸ, ಓಟದ ನಡುವೆ ನೀರು ಸಕ್ಕರೆಗಳ ಸೇವನೆ, ಮೊದಲ ಅರ್ಧದಲ್ಲಿ ವೇಗವನ್ನು ಹಿಡಿದಿಟ್ಟುಕೊಳ್ಳುವ ಸಂಯಮ, ಇವೆಲ್ಲ ಆ ಕೊನೆಯ ಹನ್ನೆರಡು ಕಿಲೋಮೀಟರುಗಳಿಗಾಗಿ. ಆದುದರಿಂದಲೇ ಅನುಭವಿಗಳು ಮೂವತ್ತನೆಯ ಕಿಲೋಮೀಟರನ್ನು ಮ್ಯಾರಥಾನಿನ ಅರ್ಧವೆಂದು ಎಣಿಸುತ್ತಾರೆ.

ಹೆಸರು ಸರಿಯಿದ್ದು ಅಳತೆ ತಪ್ಪಿದಾಗಲೂ ಅನ್ಯಾಯವಾಗುತ್ತದೆ. ೧೯೮೧ರಲ್ಲಿ ನ್ಯೂಯಾರ್ಕ್ ಮ್ಯಾರಥಾನನ್ನು ಅಲ್ಬೆರ್ಟೊ ಸಲಜಾರ್ ೨ ಗಂಟೆ ೮ ನಿಮಿಷ ೧೩ ಸೆಕೆಂಡುಗಳಲ್ಲಿ ಗೆದ್ದಾಗ ಅದು ವಿಶ್ವದಲ್ಲಿಯೇ ಶ್ರೇಷ್ಠ ಕಾಲವೆಂದು ಘೋಷಿತವಾಯಿತು. ಮುಂದೆ ಮಾರ್ಗವನ್ನು ಮತ್ತೆ ಅಳೆದಾಗ ೧೪೮ ಮೀಟರ್ ಕೊರತೆ ಕಂಡುಬಂದಿತು. ಅವನ ವೇಗದಲ್ಲಿ ಅದು ಇಪ್ಪತ್ತೇಳು ಸೆಕೆಂಡು. ಅವನು ಮುರಿದನೆನ್ನಲಾದ ದಾಖಲೆಯೊಡನೆ ಇದ್ದ ಅಂತರವೋ ಕೇವಲ ಇಪ್ಪತ್ತೊಂದು ಸೆಕೆಂಡು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನಿನಲ್ಲಿ ೨೦೧೩ರಿಂದ ೨೦೧೫ರವರೆಗೆ ಮೂರು ವರ್ಷವೂ ಮಾರ್ಗ ೩೮೦ ಮೀಟರ್ ಕಡಿಮೆಯಿತ್ತೆಂದು ತಿಳಿದುಬಂದಾಗ, ಸುಮಾರು ೨೪,೦೦೦ ಓಟಗಾರರ ಕಾಲಗಳು ಅಮಾನ್ಯವಾದವು. ಅವರಲ್ಲಿ ಬಹುಪಾಲು ಜನ ಪದಕದ ಆಸೆಯವರಲ್ಲ. ಜೀವನದಲ್ಲಿ ಒಮ್ಮೆ ಮ್ಯಾರಥಾನ್ ಓಡಿದೆವೆಂದು ಹೇಳಿಕೊಳ್ಳಲು ಬಯಸಿದವರು. ತಪ್ಪು ಅವರದಾಗಿರಲಿಲ್ಲ.

ಇಂಥ ಪ್ರಮಾದಗಳನ್ನು ತಡೆಯಲು ಇಂದು ಬಳಸುವ ವಿಧಾನ ಸರಳವಾದದ್ದು, ಆದರೆ ಕಟ್ಟುನಿಟ್ಟಿನದು. ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಚಿಕ್ಕ ಎಣಿಕೆಯ ಯಂತ್ರವನ್ನು ಜೋಡಿಸಿ, ಉಕ್ಕಿನ ಪಟ್ಟಿಯಿಂದ ಅಳೆದ ನೇರ ದಾರಿಯಲ್ಲಿ ಅದನ್ನು ಮೊದಲು ಪರೀಕ್ಷಿಸಿ, ಅನಂತರ ಓಟಗಾರನು ಓಡಬಹುದಾದ ಅತಿ ಹತ್ತಿರದ ರೇಖೆಯಲ್ಲಿ ಮಾರ್ಗವನ್ನೆಲ್ಲ ಸೈಕಲ್ಲಿನಿಂದ ಅಳೆಯುತ್ತಾರೆ. ಅಳತೆಯಲ್ಲಿ ತಪ್ಪಾದರೂ ಕೊರತೆಯಾಗದಿರಲೆಂದು ಸಾವಿರಕ್ಕೆ ಒಂದರಂತೆ, ಅಂದರೆ ನಲವತ್ತೆರಡು ಮೀಟರುಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. ಸಂತೆಯಲ್ಲಿ ಅಳೆದು ಮುಗಿದ ಮೇಲೆ ಹಾಕುವ ಕೊಸರಿನಂತೆ ಇದು.

ವಿಶ್ವದಾಖಲೆಗೆ ದೂರವೊಂದೇ ಸಾಲದು. ಆರಂಭ ಮತ್ತು ಅಂತ್ಯಗಳ ನಡುವಣ ನೇರ ಅಂತರ ಓಟದ ಅರ್ಧವನ್ನು ಮೀರಬಾರದು. ಇಳಿಜಾರು ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚಬಾರದು. ಬಾಸ್ಟನ್ನಿನ ಮಾರ್ಗ ಒಂದೇ ದಿಕ್ಕಿಗೆ ಸಾಗಿ ಸುಮಾರು ೧೪೦ ಮೀಟರ್ ಇಳಿಯುವುದರಿಂದ, ೨೦೧೧ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಅಲ್ಲಿ ಆಗಿನ ದಾಖಲೆಗಿಂತ ಬೇಗನೆ ಓಡಿದರೂ ಅದು ವಿಶ್ವದಾಖಲೆಯಾಗಲಿಲ್ಲ. ೨೦೧೯ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್‌ಚೋಗೆ ಅದೇ ದೂರವನ್ನು ಎರಡು ಗಂಟೆಗಿಂತ ಕಡಿಮೆ ಕಾಲದಲ್ಲಿ ಪೂರೈಸಿದ್ದೂ ದಾಖಲೆಯೆನಿಸಲಿಲ್ಲ. ಅದು ಎಲ್ಲರಿಗೂ ತೆರೆದ ಸ್ಪರ್ಧೆಯಾಗಿರಲಿಲ್ಲ, ಗತಿ ಹಿಡಿದು ಜೊತೆಗೆ ಓಡುವವರು ಸರದಿಯಂತೆ ಬದಲಾಗುತ್ತಿದ್ದರು. ಆದರೆ ಇವರಿಬ್ಬರೂ ಓಡಿದ್ದು ೪೨.೧೯೫ ಕಿಲೋಮೀಟರೇ. ದಾಖಲೆಯಾಗದ ಓಟ ಬೇರೆ, ಮ್ಯಾರಥಾನಿನ ದೂರವನ್ನೇ ತಲಪದ ಓಟ ಬೇರೆ.

ಭಾರತದ ಶಿವನಾಥ್ ಸಿಂಗ್ ೧೯೭೮ರಲ್ಲಿ ಜಲಂಧರಿನಲ್ಲಿ ೨ ಗಂಟೆ ೧೨ ನಿಮಿಷಗಳಲ್ಲಿ ಓಡಿದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳನ್ನು ಮೀರಿ ಉಳಿಯಿತು. ಈ ನಡುವೆ ದೇಶದಲ್ಲಿ ಮ್ಯಾರಥಾನ್ ಎಂದು ಹೇಳಿಕೊಂಡ ಓಟಗಳು ಅಸಂಖ್ಯ. ೨೦೦೪ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನಿನಲ್ಲಿ ೪೨.೧೯೫ ಕಿಲೋಮೀಟರಿನ ಓಟದ ಜೊತೆಗೆ ಸುಮಾರು ಆರು ಕಿಲೋಮೀಟರಿನ 'ಡ್ರೀಮ್ ರನ್' ಎಂಬ ಸಂತೋಷದ ಓಟವೂ ಉಂಟು. ಇದರಲ್ಲಿ ಭಾಗವಹಿಸಿದವರೂ ಊರಿಗೆ ಬಂದು ಮುಂಬಯಿ ಮ್ಯಾರಥಾನ್ ಓಡಿದೆವೆನ್ನುತ್ತಾರೆ. ಅದಕ್ಕೆ ಹೋಲಿಸಿದರೆ ೨೦೦೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಶ್ವ ೧೦ ಕಿಲೋಮೀಟರ್ ಓಟದ ನಿರ್ವಾಹಕರ ಕ್ರಮ ಮೆಚ್ಚತಕ್ಕದ್ದು. ಅವರು ದೂರವನ್ನೇ ಹೆಸರಾಗಿಟ್ಟರು. ಜನರ ಮಾತಿನಲ್ಲಿ ಅದೂ ಮ್ಯಾರಥಾನೇ ಆದರೂ, ಪ್ರಪಂಚದ ಶ್ರೇಷ್ಠ ಓಟಗಾರರು ಬಂದು ಓಡಲು ಆ ಪದದ ಆಸರೆ ಬೇಕಾಗಲಿಲ್ಲ.

ಶಾಲೆಗಳ ಮಟ್ಟಿಗೆ ಈ ವಿವೇಚನೆ ಇನ್ನೂ ಅವಶ್ಯಕ. ಹೆಸರಿನ ಮೋಹ ಮಕ್ಕಳ ವಿಷಯದಲ್ಲಿ ಎಲ್ಲಿಗೆ ಒಯ್ಯಬಲ್ಲುದೆಂಬುದನ್ನು ೨೦೦೬ರಲ್ಲಿ ಒಡಿಶಾದಲ್ಲಿ ದೇಶವೇ ಕಂಡಿತು. ನಾಲ್ಕು ವರ್ಷದ ಬಾಲಕನೊಬ್ಬನನ್ನು ಬೇಸಗೆಯ ಬಿಸಿಲಿನಲ್ಲಿ ೬೫ ಕಿಲೋಮೀಟರ್ ಓಡಿಸಿ, 'ಮ್ಯಾರಥಾನ್ ಬಾಲಕ'ನೆಂದು ಹಾಡಿ ಹೊಗಳಿದರು. ಆಮೇಲೆ ಸರ್ಕಾರವೇ ನಡುವೆ ಬಂದು ಅಂಥ ಓಟಗಳನ್ನು ತಡೆಯಬೇಕಾಯಿತು. ಬೆಳೆಯುವ ಎಲುಬು ಕೀಲುಗಳಿಗೆ ನಲವತ್ತೆರಡು ಕಿಲೋಮೀಟರ್ ತಕ್ಕುದಲ್ಲ. ಶಾಲೆಯ ಮಕ್ಕಳಿಗೆ ಮೂರು, ಐದು ಕಿಲೋಮೀಟರಿನ ಓಟವೇ ಯೋಗ್ಯ. ಆ ಓಟ ಕೀಳಲ್ಲ. ಅದಕ್ಕೆ ಕನ್ನಡದಲ್ಲಿ ರಸ್ತೆ ಓಟವೆಂಬ, ಹೊಲಗುಡ್ಡಗಳ ಮೇಲಿನದಾದರೆ ಗುಡ್ಡಗಾಡು ಓಟವೆಂಬ ಮರ್ಯಾದೆಯ ಹೆಸರುಗಳು ಮೊದಲಿನಿಂದಲೂ ಇವೆ. 'ಐದು ಕಿಲೋಮೀಟರ್ ರಸ್ತೆ ಓಟ, ಪ್ರಥಮ ಸ್ಥಾನ' ಎಂದು ಪ್ರಶಸ್ತಿಪತ್ರದಲ್ಲಿ ಬರೆದರೆ ಬಾಲಕನ ಕೀರ್ತಿಗೆ ಕುಂದಿಲ್ಲ, ಬಹುಮಾನ ಕೊಟ್ಟ ದಾನಿಗಳ ಔದಾರ್ಯಕ್ಕೂ ಕುಂದಿಲ್ಲ. ಮುಂದೆ ಯಾರಾದರೂ ಎಷ್ಟು ದೂರ ಓಡಿದೆ ಎಂದು ಕೇಳಿದಾಗ ಅವನು ತಲೆ ತಗ್ಗಿಸಬೇಕಾಗುವುದಿಲ್ಲ.

ಐದು ಕಿಲೋಮೀಟರ್ ಎಂದು ಬರೆದ ಮೇಲೆ ಅದು ನಿಜಕ್ಕೂ ಐದೇ ಇರಬೇಕಷ್ಟೆ. ಮೋಟಾರು ಬೈಕಿನ ಮೀಟರನ್ನು ನಂಬುವುದಕ್ಕಿಂತ ಸೈಕಲ್ಲನ್ನು ನಂಬುವುದು ಮೇಲು. ವಿಶೇಷ ಯಂತ್ರವೂ ಬೇಕಿಲ್ಲ. ಮುಂದಿನ ಚಕ್ರದ ಕಡ್ಡಿಗೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿ, ಪಟ್ಟಿಯಿಂದ ಅಳೆದ ಮುನ್ನೂರು ಮೀಟರ್ ನೇರ ದಾರಿಯಲ್ಲಿ ಚಕ್ರ ಎಷ್ಟು ಸುತ್ತು ತಿರುಗುವುದೆಂದು ಎಣಿಸಿ, ಅದೇ ಲೆಕ್ಕದಿಂದ ಮಾರ್ಗವನ್ನು ಅಳೆಯಬಹುದು. ದೊಡ್ಡ ಸೈಕಲ್ಲಾದರೆ ಐದು ಕಿಲೋಮೀಟರಿಗೆ ಎರಡು ಸಾವಿರದ ಇನ್ನೂರರ ಮೇಲೆ ಸುತ್ತುಗಳಾಗುತ್ತವೆ. ಒಬ್ಬರು ತುಳಿಯಲು, ಒಬ್ಬರು ಪಕ್ಕದಲ್ಲಿ ಬರುತ್ತಾ ಎಣಿಸಲು, ಹೀಗೆ ಇಬ್ಬರು ಶಿಕ್ಷಕರಿಗೆ ಒಂದು ಮುಂಜಾನೆಯ ಕೆಲಸ. ಬಿಸಿಲೇರಿದಂತೆ ಚಕ್ರದ ಗಾಳಿ ಹಿಗ್ಗಿ ಲೆಕ್ಕ ತುಸು ಬದಲಾಗುವುದರಿಂದ, ಕೆಲಸ ಮುಗಿದ ಮೇಲೆ ಆ ಮುನ್ನೂರು ಮೀಟರನ್ನು ಇನ್ನೊಮ್ಮೆ ತುಳಿದು ನೋಡಬೇಕು.